ಕಾರ್ಯತಂತ್ರ ಅಂದರೇನು ಎಂದು ಅಕ್ಕನನ್ನು ಕೇಳಿದರು

ವ್ಯಾಪಾರದಲ್ಲಿ ಕಾರ್ಯತಂತ್ರ ಅಂದರೇನು ಎಂಬುದಕ್ಕೆ ಪಂಡಿತರು ಏನೇನು ಹೇಳಿದ್ದಾರೆಂದು ಹುಡುಕುವುದರಲ್ಲೇ ನನ್ನ ಅಕ್ಕನ ತಲೆ ಅರ್ಧ ನರೆಯಿತು. ನಮ್ಮ ಮನೆಯ ಮಟ್ಟಿಗೆ ಮಾತ್ರ ಪಂಡಿತರು ಇಬ್ಬರೇ. ಒಬ್ಬರು ಪ್ಲಾನ್ ಪ್ರೊಫೆಸರು. ಮಾಡಬೇಕಾದ್ದನ್ನು ಮೊದಲೇ ಕೂತು ನಿರ್ಧರಿಸುವುದೇ ಕಾರ್ಯತಂತ್ರ ಎನ್ನುವವರು. ಇನ್ನೊಬ್ಬರು ಜಾಡು ಪ್ರೊಫೆಸರು; ಕೆಲಸ ಮಾಡುತ್ತಾ ಹೋಗಿ, ತಿರುಗಿ ನೋಡಿದಾಗ ಕಾಣುವ ಜಾಡೇ ಕಾರ್ಯತಂತ್ರ, ಉಳಿದದ್ದೆಲ್ಲ ಬರೀ ಆಸೆ ಎನ್ನುವವರು. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಒಬ್ಬರ ಲೇಖನ ಅಚ್ಚಾದ ದಿನ ಇನ್ನೊಬ್ಬರಿಗೆ ಊಟ ಸೇರುತ್ತಿರಲಿಲ್ಲವಂತೆ.

ಈಗ ಆ ಇಬ್ಬರೂ ಅಕ್ಕನ ಪಿಎಚ್.ಡಿ. ವೈವಾ ಪರೀಕ್ಷಕರಾಗಿ ಒಂದೇ ಮೇಜಿನ ಹಿಂದೆ, ನಡುವೆ ಒಂದು ಖಾಲಿ ಕುರ್ಚಿ ಬಿಟ್ಟು ಕೂತಿದ್ದರು. ಮನೆಯವರೂ ಬರಬಹುದು ಎಂದಿದ್ದರಿಂದ ಹಿಂದಿನ ಸಾಲಿನಲ್ಲಿ ನಾನೂ ಭಾವನೂ ಇದ್ದೆವು. ಪಾಸಾದರೆ ಅಕ್ಕ ಡಾಕ್ಟರು. ಇಲ್ಲದಿದ್ದರೆ ಅವಳು ಮಹಾಪ್ರಬಂಧವನ್ನು ಮತ್ತೆ ಬರೆಯಬೇಕು, ನಾವು ಮತ್ತೆ ಕೇಳಬೇಕು. ಅದನ್ನು ನೆನೆದೇ ಭಾವ ಬೆವರುತ್ತಿದ್ದರು.

ಒಂದು ಎಡವಟ್ಟಾಗಿತ್ತು. ಮೊದಲು ಪರೀಕ್ಷಕರೆಂದು ಗೊತ್ತಾಗಿದ್ದವರು ಪ್ಲಾನ್ ಪ್ರೊಫೆಸರು ಮಾತ್ರ. ಹಾಗಾಗಿ ಮೂರನೇ ಅಧ್ಯಾಯದಲ್ಲಿ ಅಕ್ಕ ಅವರ ಮಾತೇ ಸರಿ ಎಂದಳು. ಆಮೇಲೆ ಜಾಡು ಪ್ರೊಫೆಸರೂ ಬರುತ್ತಾರೆಂದು ತಿಳಿಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವಳ ಗೈಡು ನಾಲ್ಕನೇ ಅಧ್ಯಾಯದಲ್ಲಿ ಇವರ ಮಾತೇ ಸರಿ ಎಂದು ಬರೆಸಿದರು. ದೊಡ್ಡವರು ತಮ್ಮ ಹೆಸರಿರುವ ಪುಟ ಬಿಟ್ಟು ಬೇರೇನೂ ಓದುವುದಿಲ್ಲ ಎಂದು ಧೈರ್ಯ ಬೇರೆ ಹೇಳಿದ್ದರು. ಪುಣ್ಯಾತ್ಮ! ಜಗಳಗಂಟರು ಮೊದಲು ಓದುವುದೇ ಎದುರಾಳಿಯ ಹೆಸರಿರುವ ಪುಟವನ್ನು.

ಪ್ಲಾನ್ ಪ್ರೊಫೆಸರು ನಾಲ್ಕನೇ ಅಧ್ಯಾಯ ತೆರೆದರು. ಜಾಡು ಪ್ರೊಫೆಸರು ಮೂರನೆಯದನ್ನು. ಇದೇನು ಬರೆದಿದ್ದೀರಿ ಎಂದು ಇಬ್ಬರೂ ಒಟ್ಟಿಗೇ ಕೇಳಿದರು. ಪಕ್ಕದಲ್ಲಿ ಕೂತಿದ್ದ ಗೈಡಿಗೆ ಇದ್ದಕ್ಕಿದ್ದಂತೆ ಫ್ಯಾನಿನ ಮೇಲೆ ವಿಪರೀತ ಆಸಕ್ತಿ ಹುಟ್ಟಿತು.

"ಎರಡೂ ಹೇಗಮ್ಮ ಸರಿಯಾಗುತ್ತೆ? ಅವರಿವರ ಮಾತು ಸಾಕು. ಕಾರ್ಯತಂತ್ರ ಅಂದ್ರೇನು, ನೀವೇ ಹೇಳಿ" ಎಂದರು ಜಾಡು ಪ್ರೊಫೆಸರು.

ಅಕ್ಕ ನೀರು ಕುಡಿದಳು. ಇನ್ನೊಮ್ಮೆ ಕುಡಿದಳು. ಆಮೇಲೆ ಅವಳ ಮುಖದಲ್ಲಿ ನಗು ಬಂತು. ಆ ನಗು ನನಗೆ ಗೊತ್ತು. ಅದು ಬಂದ ಮೇಲೆ ಅವಳನ್ನು ತಡೆಯಲು ಯಾರಿಂದಲೂ ಆಗದು.

"ನಿಜ ಹೇಳಿಬಿಡ್ತೀನಿ ಸರ್. ಮೂರನೇ ಅಧ್ಯಾಯ ಬರೆಯುವಾಗ ಇವರನ್ನ ಒಪ್ಪಿಸಬೇಕು ಅನ್ನೋದು ನನ್ನ ಪ್ಲಾನು. ನೀವು ಬರ್ತೀರಿ ಅಂತ ಗೊತ್ತಾಯ್ತು, ಪ್ಲಾನು ಕೆಡ್ತು, ನಾಲ್ಕನೇದು ಹುಟ್ಟಿತು. ಈಗ ತಿರುಗಿ ನೋಡಿದ್ರೆ ಎರಡರಲ್ಲೂ ಒಂದೇ ಜಾಡು. ಪ್ಲಾನು ಎಷ್ಟು ಸಲ ಬದಲಾದ್ರೂ ಯಾವುದನ್ನ ಕೈಬಿಡಲ್ವೋ ಅದೇ ಕಾರ್ಯತಂತ್ರ. ನಾನು ಪಾಸಾಗೋದನ್ನ ಕೈಬಿಡಲಿಲ್ಲ."

ಗೈಡು ಕಣ್ಣು ಮುಚ್ಚಿಕೊಂಡರು. ಭಾವ ನನ್ನ ಕೈ ಹಿಡಿದು ಹಿಂಡಿದರು, ಬೆರಳು ಲಟಲಟ ಎಂದವು. ಪರೀಕ್ಷಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಒಳಗೆ ರಣರಂಗ. ಮೇಜು ಗುದ್ದುವ ಸದ್ದು, ಕುರ್ಚಿ ಎಳೆಯುವ ಸದ್ದು. ಅಕ್ಕನ ನಗು ಆರಿಹೋಗಿತ್ತು. ಹಾಳಾದ ಬಾಯಿ ನನ್ನದು, ಇಷ್ಟು ವರ್ಷದ್ದೆಲ್ಲ ನೀರಲ್ಲಿ ಹೋಮ ಮಾಡಿಬಿಟ್ಟೆ ಎಂದಳು. ನನಗೆ ಅವಳ ಮೇಲೆ ಎದೆ ತುಂಬ ಪ್ರೀತಿ ಬಂತು. ಹೇಳಲಿಕ್ಕೆ ಹೊರಟೆ, ಅಷ್ಟರಲ್ಲಿ ಬಾಗಿಲು ತೆರೆಯಿತು.

ಪ್ಲಾನ್ ಪ್ರೊಫೆಸರು ಕೆಂಪಗಾಗಿ ನಿಂತಿದ್ದರು.

"ಡಾಕ್ಟರೇ, ಸ್ವಲ್ಪ ಒಳಗೆ ಬನ್ನಿ. ನೀವು ನನ್ನ ಕಡೆ ಅಂತ ಈ ಮನುಷ್ಯನಿಗೆ ಹೇಳಿ."

ಮೊದಲ ಪದ ಬಿಟ್ಟು ಅಕ್ಕನಿಗೆ ಏನೂ ಕೇಳಿಸಲಿಲ್ಲ.