ಹುಳದ ಮೇಡಂ

ಅಕ್ಕಿ ರೊಟ್ಟಿಯ ಹಿಟ್ಟು ಎರಡೂ ಅಂಗೈಗೆ ಮೆತ್ತಿಕೊಂಡಿದ್ದಾಗಲೇ ಫೋನು ಬಡಿದುಕೊಂಡಿತು. ಕಾವಲಿಯ ಮೇಲೆ ಒಂದು ರೊಟ್ಟಿ ಬೇಯುತ್ತಿತ್ತು, ಇನ್ನೊಂದನ್ನು ಬಾಳೆಲೆಯ ಮೇಲೆ ತಟ್ಟುತ್ತಿದ್ದೆ. "ಅರ್ಪಿತಾ, ಯಾರು ನೋಡವ್ವ" ಎಂದೆ. ಮಗಳು ಓಡಿಹೋಗಿ ರಿಸೀವರ್ ಎತ್ತಿದಳು. ಕಿವಿಗಿಟ್ಟುಕೊಂಡವಳು ಮರುಕ್ಷಣವೇ ಅದನ್ನು ಗೇಣುದ್ದ ದೂರ ಹಿಡಿದು, ಸುರುಳಿ ವೈರನ್ನು ಅಡುಗೆಮನೆಯ ಬಾಗಿಲವರೆಗೂ ಎಳೆದು ತಂದಳು.

"ಬೈತಾ ಇದಾರೆ ಅಮ್ಮ."

"ಯಾರು?"

"ಹೆಸರು ಹೇಳ್ಲಿಲ್ಲ. ಬರೀ ಬೈತಾ ಇದಾರೆ."

ಹೆಸರು ಹೇಳದೆ ಬೈಯಲು ಶುರು ಮಾಡುವವರು ನನಗೆ ಗೊತ್ತಿದ್ದದ್ದು ಒಬ್ಬರೇ, ಸೋಸಲೆಯ ರುದ್ರೇಶ್. ಮಗಳು ಫೋನನ್ನು ನನ್ನ ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿದಳು.

"ಏನ್ ಉಳ ಕೊಟ್ರಿ ಯಶೋಧಮ್ಮ ನೀವು? ರೋಗದ್ ಉಳ! ನಾಕನೇ ಸ್ಟ್ಯಾಂಡ್ ಪೂರ್ತಿ ವಾಂತಿ ಮಾಡ್ಕಂಡು ಬಿದ್ದವೆ. ಇವತ್ ಬಂದು ನೋಡ್ಲಿಲ್ಲ ಅಂದ್ರೆ ಈ ಊರಿನ ಎಂಟು ಮನೆಯೋರ್ಗೂ ಯೋಳ್ತೀನಿ, ಆ ಸೆಂಟರ್‌ನಿಂದ ಒಂದ್ ಉಳಾನೂ ತರಬ್ಯಾಡಿ ಅಂತ."

"ಬರ್ತೀನಿ ರುದ್ರೇಶಣ್ಣ, ಈಗಲೇ ಹೊರಡ್ತೀನಿ. ಬಿದ್ದಿರೋ ಹುಳಾನ ಎಸೀಬೇಡಿ. ಒಂದು ಮೊರದಲ್ಲಿ ಬೇರೆ ಇಟ್ಟಿರಿ."

"ನಾನೇನ್ ಎಸೀಲಿ, ನೀವೇ ಎಸ್ದಂಗಾಯ್ತಲ್ಲ ನಮ್ಮನ್ನ!" ಎಂದು ಆತ ಫೋನನ್ನು ಕುಕ್ಕಿದರು.

ಅಷ್ಟರಲ್ಲಿ ರೊಟ್ಟಿ ಕರಕಲಾಗಿತ್ತು.

ನನ್ನ ಕೆಲಸ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಪುಟ್ಟಬಸವಯ್ಯನವರ ಚಾಕಿ ಕೇಂದ್ರವಿದೆ. ರೇಷ್ಮೆ ಮೊಟ್ಟೆಯೊಡೆದು ಬಂದ ಎಳೆಯ ಹುಳುಗಳನ್ನು ಅಲ್ಲಿ ಒಂಬತ್ತು ದಿನ ಸಾಕಿ, ಎರಡನೆಯ ಜ್ವರ ಎದ್ದ ಮೇಲೆ ರೈತರಿಗೆ ಕೊಡುತ್ತೇವೆ. ಹುಳುಗಳು ಸೊಪ್ಪು ಬಿಟ್ಟು, ತಲೆಯೆತ್ತಿ ಸುಮ್ಮನೆ ಕೂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ತೊಂಬತ್ತನಾಲ್ಕರಲ್ಲಿ, ಅರ್ಪಿತಳಿಗೆ ಒಂದು ವರ್ಷವಾಗಿದ್ದಾಗ, ಯಾರಿಗೆ ಯಾವತ್ತು ಎಷ್ಟು ಹುಳ ಹೋಯಿತೆಂದು ರಿಜಿಸ್ಟರ್ ಬರೆಯಲು ಸೇರಿದೆ. ರೈತರು ಕೋಪದಲ್ಲಿ ಬಂದಾಗಲೆಲ್ಲ ಪುಟ್ಟಬಸವಯ್ಯನವರು ಹಿಂದಿನ ಬಾಗಿಲಿಂದ ಹಿಪ್ಪುನೇರಳೆ ತೋಟಕ್ಕೆ ಹೋಗಿಬಿಡುತ್ತಿದ್ದರು. ನಾನು ಕೂರಿಸಿ, ನೀರು ಕೊಟ್ಟು ಕೇಳುತ್ತಿದ್ದೆ. "ಬೈಸಿಕೊಳ್ಳೋದು ನಿಮಗೆ ಚೆನ್ನಾಗಿ ಬರುತ್ತೆ ಕಣಮ್ಮ" ಎಂದು ಅವರು ಒಂದು ದಿನ ನನ್ನ ಹೆಸರಿನಲ್ಲಿ ಕಾರ್ಡನ್ನೇ ಮಾಡಿಸಿಕೊಟ್ಟರು: ಗ್ರಾಹಕ ಸಂಪರ್ಕಾಧಿಕಾರಿ. ನನ್ನ ಗಂಡ ಸಿದ್ದು ಅದರಲ್ಲೊಂದನ್ನು ಜೇಬಿನಲ್ಲಿಟ್ಟುಕೊಂಡು ತಾಂಡ್ಯದ ಫ್ಯಾಕ್ಟರಿಯಲ್ಲಿ ಕಂಡಕಂಡವರಿಗೆ ತೋರಿಸಿದರು. ಹಳ್ಳಿಗಳಲ್ಲಿ ಆ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ನಾನು ಹುಳದ ಮೇಡಂ. ತಾಯಿಯ ಉದ್ಯೋಗ ಬರೆಯಿರಿ ಅಂದಾಗ ಅರ್ಪಿತ ಶಾಲೆಯಲ್ಲೂ ಅದನ್ನೇ ಬರೆದು ಬಂದಿದ್ದಳು.

ನನಗೆ ಈ ಕೆಲಸ ಇಷ್ಟ. ಯಾರ ತೋಟಕ್ಕೆ ನೀರಿದೆ, ಯಾರ ಮನೆಯ ಅತ್ತೆಗೆ ಮಂಡಿ ನೋವು, ಯಾರ ಹಸು ಕರು ಹಾಕಿದೆ, ಎಲ್ಲವೂ ನನ್ನ ನೋಟುಬುಕ್ಕಿನಲ್ಲಿದೆ. ಜನ ಬಂದು ಮೊದಲು ಹೇಳುವುದು ಒಂದು, ಹೇಳಬೇಕೆಂದು ಬಂದದ್ದು ಇನ್ನೊಂದು. ಅದು ಹೊರಬರುವವರೆಗೆ ಸುಮ್ಮನೆ ಕೂತಿರಬೇಕು, ಅಷ್ಟೇ.

ಆದರೆ ಆ ಫೋನು ಬರುವ ಮೂರು ದಿನ ಮುಂಚಿನಿಂದ ಮನೆಯಲ್ಲಿ ಸುಮ್ಮನೆ ಕೂತಿರುವುದು ನನಗೆ ಕಷ್ಟವಾಗಿತ್ತು. ದಸರಾ ರಜೆ, ಎರಡು ಸಾವಿರದ ಎರಡನೇ ಇಸವಿ. ಟ್ರಂಕಿನ ತಳಕ್ಕೆ ಹಾಸಿದ್ದ ಹಳೇ ಪೇಪರ್ ಬದಲಾಯಿಸಲು ಹೋದಾಗ ಅದರ ಕೆಳಗೆ ಅರ್ಪಿತಳ ಗಣಿತದ ಉತ್ತರಪತ್ರಿಕೆ ಸಿಕ್ಕಿತ್ತು. ಇಪ್ಪತ್ತೈದಕ್ಕೆ ಆರು. ಪೋಷಕರ ಸಹಿ ಎಂದಿದ್ದ ಕಡೆ ಖಾಲಿ. ಅದನ್ನು ಮಡಚಿದ್ದ ಹಾಗೇ ಮಡಚಿ, ಇದ್ದ ಜಾಗದಲ್ಲೇ ಇಟ್ಟು, ಮೇಲೆ ಹಳೇ ಪೇಪರನ್ನೇ ಹಾಸಿದೆ.

"ಕೇಳ್ಬಿಡು, ಮುಗ್ದೋಗುತ್ತೆ" ಎಂದರು ಸಿದ್ದು.

"ಇರಲಿ. ಅವಳೇ ತರ್ತಾಳೆ."

ಹೇಳುವುದೇನೋ ಹೇಳಿದೆ. ಮಗಳು ಮಾತ್ರ ಕೇಳದೆಯೇ ಬಟ್ಟೆ ಮಡಚುತ್ತಿದ್ದಳು, ತಟ್ಟೆ ತೊಳೆಯುತ್ತಿದ್ದಳು, ನಾನು ಟ್ರಂಕಿನ ಕಡೆ ಹೋದರೆ ಹಿಂದೆಯೇ ಬಂದು ನಿಲ್ಲುತ್ತಿದ್ದಳು. ಮಾರ್ಕ್ಸು ಇನ್ನೊಂದು ಸಲ ಬಂದೀತು. ಊರೂರಿನವರು ತಮ್ಮ ಕಷ್ಟ ತಂದು ನನ್ನ ಮುಂದೆ ಇಡುತ್ತಾರೆ, ಹೆತ್ತ ಮಗಳು ಹೆದರಿಕೊಂಡು ನನ್ನ ಹತ್ತಿರ ಬಾರದೆ ಉಳಿದರೆ? ಆ ಹೆದರಿಕೆ ನನಗಿತ್ತು.

ಸಿದ್ದುಗೆ ಫಸ್ಟ್ ಶಿಫ್ಟ್. ಅವಳನ್ನು ಒಬ್ಬಳೇ ಬಿಡುವಂತಿರಲಿಲ್ಲ. ಜಡೆ ಹಾಕಿ ಜೊತೆಗೆ ಕರೆದುಕೊಂಡು ಹೊರಟೆ. ನರಸೀಪುರದಲ್ಲಿ ಬಸ್ಸು ಬದಲಿಸಿ ಸೋಸಲೆಯಲ್ಲಿ ಇಳಿಯುವಾಗ ಬಿಸಿಲೇರಿತ್ತು.

ಮೊದಲು ಹೋದದ್ದು ಹಿಂದಿನ ಬೀದಿಯ ಗುರುಮಲ್ಲಪ್ಪನವರ ಮನೆಗೆ. ರುದ್ರೇಶ್ ತಂದ ದಿನವೇ ಅವರೂ ಅದೇ ತಂಡದ ಮೊಟ್ಟೆಯ ಹುಳ ತಂದಿದ್ದರು. ಅವರ ಹುಳುಗಳು ಮೂರನೇ ಜ್ವರ ದಾಟಿ, ಹಾಕಿದ ಸೊಪ್ಪನ್ನೆಲ್ಲ ತಿಂದು ಬರೀ ಕಡ್ಡಿ ಉಳಿಸುತ್ತಿದ್ದವು. ಹಾಗಾದರೆ ನಾವು ಕೊಟ್ಟದ್ದರಲ್ಲಿ ರೋಗವಿಲ್ಲ.

ರುದ್ರೇಶ್ ಜಗುಲಿಯಲ್ಲೇ ಕಾಯುತ್ತಿದ್ದರು. ಪಕ್ಕದ ಮನೆಯ ಸಣ್ಣಯ್ಯ ಕಂಬಕ್ಕೊರಗಿ ಕೂತಿದ್ದ, ನಾನು ಬೈಸಿಕೊಳ್ಳುವುದನ್ನು ನೋಡಲೆಂದೇ ಬಂದಿರಬೇಕು. ಅರ್ಪಿತಳನ್ನು ಜಗುಲಿಯ ಮೇಲೆ ಕೂರಿಸಿ, ಕೈಕಾಲು ತೊಳೆದು, ಬಾಗಿಲಲ್ಲಿ ಹರಡಿದ್ದ ಸುಣ್ಣದ ಪುಡಿ ತುಳಿದು ಹುಳದ ಮನೆಯೊಳಗೆ ಹೋದೆ. ಮೂರು ಸ್ಟ್ಯಾಂಡಿನ ತಟ್ಟೆಗಳಲ್ಲಿ ಹುಳುಗಳು ಚೆನ್ನಾಗಿಯೇ ಮೇಯುತ್ತಿದ್ದವು. ಗೋಡೆಗೆ ಹತ್ತಿದ ನಾಲ್ಕನೆಯದರಲ್ಲಿ ಮಾತ್ರ ಮೈ ಕುಗ್ಗಿ, ಬಾಯಲ್ಲಿ ಹಸಿರು ನೀರು ಬಿಟ್ಟು, ತಲೆ ಆಡಿಸುತ್ತ ಬಿದ್ದಿದ್ದವು. ರೋಗವಾದರೆ ಹೀಗೆ ಒಂದೇ ಕಡೆ ನಿಲ್ಲುವುದಿಲ್ಲ. ಇದು ವಿಷ.

"ಸೊಪ್ಪಿಗೆ ಏನಾದರೂ ಮದ್ದು ಹೊಡೆದಿದ್ರಾ?"

"ತ್ವಾಟಕ್ಕೆ ಮದ್ದೇ ಒಡ್ದಿಲ್ಲ. ಒಡ್ದಿದ್ರೆ ನಾಕೂ ಸ್ಟ್ಯಾಂಡ್ ಓಗ್ಬೇಕಿತ್ತಲ್ಲ? ನನ್ಗೇ ಪಾಠ ಯೋಳಕ್ ಬತ್ತೀರಲ್ಲ!"

ಆತ ಹೇಳಿದ್ದು ಸರಿಯಾಗಿತ್ತು. ತಲೆಯೆತ್ತಿ ನೋಡಿದೆ. ನಾಲ್ಕನೆಯ ಸ್ಟ್ಯಾಂಡಿನ ಮೇಲೆ, ಗೋಡೆಯಲ್ಲಿ, ಅಂಗೈಯಗಲದ ಕಿಂಡಿ.

"ಇದರ ಆಚೆ ಏನಿದೆ?"

"ಕ್ವಾಣೆ. ನಮ್ ತಂಗಿ ಬಾಣ್ತನಕ್ ಬಂದವ್ಳೆ."

ಬಾಗಿಲಲ್ಲಿ ನಿಂತಿದ್ದ ರುದ್ರೇಶರ ತಾಯಿ ಗುರುಬಸಮ್ಮ ಸೆರಗು ಸರಿಮಾಡಿಕೊಂಡರು. ಸರಿಯಾಗೇ ಇದ್ದ ಸೆರಗು.

"ಕೂಸು ನೋಡ್ಬೋದಾ ಅವ್ವ?" ಎಂದೆ.

ಎಂಟು ವರ್ಷದಿಂದ ಆ ಮನೆಗೆ ಹೋಗುತ್ತಿದ್ದೆ. ನನ್ನ ಕಾಫಿ ಯಾವಾಗಲೂ ಜಗುಲಿಗೇ ಬರುತ್ತಿತ್ತು. ನಾವು ಯಾರೆಂದು ಅವರಿಗೆ ಗೊತ್ತು, ಅವರು ಯಾರೆಂದು ನನಗೆ ಗೊತ್ತು. ಆ ಬಗ್ಗೆ ಎರಡೂ ಕಡೆ ಮಾತೇ ಬಂದಿರಲಿಲ್ಲ. ಗುರುಬಸಮ್ಮ ಅರೆಗಳಿಗೆ ನಿಂತು, "ಬಾರವ್ವ. ಮಗೀನೂ ಕರ್ಕಂಡ್ ಬಾ" ಎಂದು ನಡುಮನೆ ದಾಟಿಸಿ ಕೋಣೆಗೆ ಕರೆದುಕೊಂಡು ಹೋದರು.

ತಂಗಿ ಗೋಡೆಯ ಕಡೆ ತಿರುಗಿ ನಿದ್ದೆಹೋಗಿದ್ದಳು. ಸಾಂಬ್ರಾಣಿಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ಕೂಸಿನ ಕೆನ್ನೆಯ ತುಂಬ ಕೆಂಪು ಗಂದೆ. ಅರ್ಪಿತ ಕೆಳಗೆ ಬಿದ್ದಿದ್ದ ಗಿಲಕಿ ಎತ್ತಿಕೊಡಲು ಬಗ್ಗಿದವಳು ಅಲ್ಲೇ ನಿಂತಳು. ಮಂಚದಡಿಯಲ್ಲಿ ಒಂದು ತಗಡಿನ ಚೂರು, ಅದರ ಸುತ್ತ ಸುರುಳಿ ಸುರುಳಿ ಬೂದಿ. ಸೊಳ್ಳೆ ಬತ್ತಿ. ಹುಳದ ಮನೆಯ ಹತ್ತಿರ ಅದನ್ನು ಹಚ್ಚಬಾರದೆಂದು ಹುಳ ಕೊಡುವಾಗಲೆಲ್ಲ ಹೇಳುತ್ತೇವೆ. ಮಗಳು ನನ್ನ ಮುಖ ನೋಡಿ ಬಾಯಿ ತೆರೆದಳು. ನಾನು ಸುಮ್ಮನೆ ಅವಳನ್ನು ನೋಡಿದೆ. ಬಾಯಿ ಮುಚ್ಚಿಕೊಂಡಳು. ನಾವಿಬ್ಬರೂ ನೋಡಿದ್ದನ್ನು ಗುರುಬಸಮ್ಮನೂ ನೋಡಿದರು.

"ಸೊಳ್ಳೆ ಕಾಟ ಜಾಸ್ತಿನಾ ಅವ್ವ?"

"ಒಳೆ ದಂಡೆ ಅಲ್ವಾ ತಾಯಿ, ಮೊಗೀನ ತಿಂದಾಕ್ಬುಡ್ತವೆ." ಅವರ ದನಿ ಸಣ್ಣಗಿತ್ತು.

"ಇವಳು ಕೂಸಾಗಿದ್ದಾಗ ಹಾಕ್ತಿದ್ದ ಪರದೆ ನಮ್ಮನೇಲಿ ಹಾಗೇ ಇದೆ. ನಾಳೆ ತಂದ್ಕೊಡ್ತೀನಿ. ಇವತ್ತು ಒಂದು ಹಳೇ ಸೀರೆ ಕಟ್ಟಿ." ಕೂಸಿನ ಪಾದ ಸವರುತ್ತಾ ಹೇಳಿದೆ, "ಇವತ್ತಿಂದ ಹೊಗೆ ತಾಗದಿದ್ದರೆ ಉಳಿದ ಮೂರು ಸ್ಟ್ಯಾಂಡು ಗೂಡು ಕಟ್ಟುತ್ತವೆ."

ಅವರು ತಲೆ ಆಡಿಸಿದರು.

ಜಗುಲಿಗೆ ಬಂದರೆ ರುದ್ರೇಶ್ ಕೈಕಟ್ಟಿ ನಿಂತಿದ್ದರು. "ಸರಿ, ಬರ್ಕೊಡಿ ಈಗ. ತಪ್ಪು ಸೆಂಟರ್‌ದೇ ಅಂತ."

ನೋಟುಬುಕ್ಕು ತೆಗೆದು ತಾರೀಖು ಬರೆದೆ. ಪೆನ್ನು ಅಲ್ಲಿಗೇ ನಿಂತಿತು. ಸುಳ್ಳು ಬರೆಯುವ ಹಾಗಿಲ್ಲ. ನಿಜ ನನ್ನ ಬಾಯಿಂದ ಬಂದರೆ ಈ ಮಗ ಈ ತಾಯಿಯನ್ನು ಬೀದಿಗೆ ಕೇಳುವ ಹಾಗೆ ಅನ್ನುತ್ತಾನೆ, ಸಣ್ಣಯ್ಯ ಅದನ್ನು ಊರಿಗೆಲ್ಲ ಹಂಚುತ್ತಾನೆ. "ಒಂದು ಲೋಟ ನೀರು ಕೊಡ್ತೀರಾ ಅವ್ವ?" ಎಂದೆ. ಬಂದ ನೀರನ್ನು ಗುಟುಕು ಗುಟುಕಾಗಿ ಕುಡಿದೆ. ಅರ್ಪಿತ ನನ್ನ ಸೆರಗಿನ ತುದಿ ಹಿಡಿದು ನಿಂತಿದ್ದಳು.

"ನೀರ್ ಕುಡ್ಯಕ್ಕೇ ಬಂದ್ರಾ? ಏನ್ ಬರ್ಯಕ್ಕೂ ಆಯ್ತಿಲ್ವಾ? ತಪ್ಪಿದ್ದೋರ್ ಪೆನ್ನು ಅಂಗೇ ನಿಂತೋಗೋದು! ಎಂಟು ಮನೆ ಯಶೋಧಮ್ಮ, ಎಂಟು ಮನೆ…"

"ಲೇ ರುದ್ರ, ಸುಮ್ಕಿರ್ಲಾ." ಗುರುಬಸಮ್ಮ ಹೊಸ್ತಿಲು ದಾಟಿ ಬಂದರು. "ಬತ್ತಿ ಅಚ್ಚಿದ್ದು ನಾನು."

"ಯಾವ್ ಬತ್ತಿ?"

"ಸೊಳ್ಳೆ ಬತ್ತಿ ಕಣ್ಲಾ. ಎರಡ್ ರಾತ್ರಿ. ಮೊಗೀನ್ ಮಕ ನೋಡಕ್ಕಾಗ್ನಿಲ್ಲ, ಅಚ್ಬುಟ್ಟೆ. ಕಿಂಡಿ ಗ್ಯಾಪ್ಕನೇ ಬರ್ನಿಲ್ಲ."

ರುದ್ರೇಶರ ಬಾಯಿ ತೆರೆದೇ ಇತ್ತು. "ಬೆಳಿಗ್ಗೇನೇ ಯೋಳಕ್ಕೇನಾಗಿತ್ತವ್ವ ನಿಂಗೆ?"

"ನೀನ್ ಬಾಯ್ ಮುಚ್ಚುದ್ರೆ ತಾನೆ ನಾನ್ ಬಾಯ್ ಬುಡೋದು! ಕೋಳಿ ಕೂಗ್ದಾಗಿಂದ ಅರಚ್ತಾನೇ ಇದ್ದೀಯ. ನಿಮ್ಮಪ್ಪನೂ ಇಂಗೇ. ಆ ಎಣ್ಮಗಳು ನೋಡುದ್ಲು, ನೋಡೂ ಒಂದ್ ಮಾತಾಡ್ನಿಲ್ಲ. ಆಮ್ಯಾಕೂ ನಾನು ಸುಮ್ಕೆ ನಿಂತಿದ್ರೆ ನಂಗೆ ಮರ್ವಾದೆ ಇರ್ತದಾ?"

ಸಣ್ಣಯ್ಯ ನಗು ತಡೆಯಲಾರದೆ ಕೆಮ್ಮಿದ. ರುದ್ರೇಶ್ ಅವನನ್ನು ಒಮ್ಮೆ, ತಾಯಿಯನ್ನು ಒಮ್ಮೆ ನೋಡಿ, ಜಗುಲಿಯ ಅಂಚಿಗೆ ಕುಸಿದು ಕೂತರು. ಆಮೇಲೆ ಅವರಿಗೂ ನಗು ಬಂತು, ಅಳುವಿನಂಥ ನಗು.

"ಮೇಡಂ, ಫೋನಲ್ಲಿ ಬೋ ಬೈದ್ಬುಟ್ಟೆ."

"ಒಂದು ರೊಟ್ಟಿ ಸೀದುಹೋಯ್ತು ಅಷ್ಟೇ ರುದ್ರೇಶಣ್ಣ."

"ಅಂಗಾದ್ರೆ ಉಂಡೇ ಓಗ್ಬೇಕು. ಅವ್ವ, ಮುದ್ದೆಗೆ ಎಸರಿಡು!"

ಕಿಂಡಿಗೆ ಮಣ್ಣು ಮೆತ್ತಿಸಿದೆ. ನಾಲ್ಕನೆಯ ಸ್ಟ್ಯಾಂಡಿನಲ್ಲಿ ಜೀವವಿದ್ದ ಹುಳುಗಳನ್ನು ಆರಿಸಿ, ಗಾಳಿಯಾಡುವ ಕಡೆ ಇಟ್ಟು, ಹೊಸ ಸೊಪ್ಪು ಕೊಡಿಸಿದೆ. ಅರ್ಧ ಉಳಿದಾವು. ನಡುಮನೆಯಲ್ಲಿ ಕೂರಿಸಿ ಗುರುಬಸಮ್ಮ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಅರ್ಪಿತ ಮೂರು ದಿನದ ಮೇಲೆ ಹೊಟ್ಟೆ ತುಂಬ ಉಂಡಳು. ನೋಟುಬುಕ್ಕಿನಲ್ಲಿ ಬರೆದೆ: ನಾಲ್ಕನೇ ಸ್ಟ್ಯಾಂಡು, ಹೊಗೆ. ಕಿಂಡಿ ಮುಚ್ಚಿಸಿದೆ. ಉಳಿದ ಹುಳ ಚೆನ್ನಾಗಿದೆ. ಸೊಳ್ಳೆ ಪರದೆ ಒಯ್ಯಬೇಕು. ಹೆಣ್ಣು ಕೂಸು, ಇನ್ನೂ ಹೆಸರಿಟ್ಟಿಲ್ಲ.

ವಾಪಸು ಬರುವಾಗ ನರಸೀಪುರದಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅರ್ಪಿತ ಹೊರಗೆ ನೋಡುತ್ತಾ ಕೂತಳು. ಸುತ್ತೂರಿಗೆ ಹೋಗುವವರು ಇಳಿದು ಬಸ್ಸು ಖಾಲಿಯಾಯಿತು.

"ಅಮ್ಮ, ಆ ಅಂಕಲ್ ಅಷ್ಟೊಂದು ಬೈದ್ರಲ್ಲ. ಅಜ್ಜಿದು ಅಂತ ಯಾಕೆ ಹೇಳ್ಬಿಡ್ಲಿಲ್ಲ?"

"ಅದು ಅಜ್ಜಿ ಹೇಳ್ಬೇಕಾಗಿದ್ದ ಮಾತು ಕಣವ್ವ."

"ಅಜ್ಜಿ ಹೇಳ್ದೇ ಇದ್ದಿದ್ರೆ?"

"ಇನ್ನೊಂದು ಲೋಟ ನೀರು ಕೇಳ್ತಿದ್ದೆ."

ಅವಳು ಕಿಸಕ್ಕನೆ ನಕ್ಕಳು. ಆಮೇಲೆ ಜಡೆಯ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ಅಜ್ಜಿ ಮೇಲೆ ನಿಂಗೆ ಸಿಟ್ಟು ಬರ್ಲಿಲ್ವಾ?"

"ಇಲ್ಲ. ಹೇಳಿದ್ರಲ್ಲ, ಖುಷಿಯಾಯ್ತು."

ಬಸ್ಸು ನಮ್ಮ ಚಾಕಿ ಕೇಂದ್ರದ ಬೋರ್ಡು ದಾಟಿತು. ನಾನು ಕೈಯನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡು ಕೂತಿದ್ದೆ. ಅವಳ ಕೈ ಮೆಲ್ಲಗೆ ಬಂದು ಅದರೊಳಗೆ ಸೇರಿತು. ಬೆವೆತಿತ್ತು.

"ಅಮ್ಮ."

"ಹೂಂ."

ಟೇಪು ಬೆರಳಿನಿಂದ ಜಾರಿತು. ಅವಳು ಕಿಟಕಿಯಿಂದ ಮುಖ ತಿರುಗಿಸಿ ನೆಟ್ಟಗೆ ನನ್ನನ್ನೇ ನೋಡಿದಳು.

"ನಮ್ಮ ಟ್ರಂಕಲ್ಲಿ, ಪೇಪರ್ ಕೆಳಗೆ ಇರೋದೂ ನಿಂಗೆ ಗೊತ್ತಾ?"