ರಜೆ ಅರ್ಜಿಯಲ್ಲಿ ಬರೆದ ಕಾಯಿಲೆ

ಆ ಅರ್ಜಿ ಬರೆದವಳು ನಾನು. ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ ಆದ್ದರಿಂದ ಬ್ಯಾಂಕಿಗೋ ನೀರಿನ ಕಚೇರಿಗೋ ಏನೇ ಬರೆಯುವುದಿದ್ದರೂ ಅಮ್ಮ ಕಾಗದ ತಂದು ನನ್ನ ಮುಂದಿಡುತ್ತಾಳೆ. ಎದುರು ನಿಂತು ಮಾತಾಡು ಎಂದರೆ ನನ್ನ ನಾಲಿಗೆ ಒಣಗುತ್ತದೆ. ಕಾಗದದ ಮೇಲಾದರೆ ನಾನು ಹುಲಿ.

ಅಣ್ಣನಿಗೆ ಆದದ್ದು ಮುಂದೊಗಲಿನ ಆಪರೇಷನ್. ಚರ್ಮ ಬಿಗಿದು, ಒಂದಕ್ಕೆ ಹೋದಾಗಲೆಲ್ಲ ಉರಿದು, ಒಡೆದು ರಕ್ತ ಬರುವವರೆಗೆ ಎರಡು ವರ್ಷ ಬಾಯಿ ಬಿಡದೆ ಇದ್ದ. ಕೊನೆಗೆ ತೋರಿಸಿದಾಗ ಡಾಕ್ಟರು ಪೂರ್ತಿ ತೆಗೆದುಬಿಡೋಣ ಎಂದರು. ಮೂವತ್ತೊಂದನೇ ವಯಸ್ಸಿನಲ್ಲಿ. ಹತ್ತು ದಿನ, ಆಮೇಲೆ ಕುದುರೆ ಥರ ಓಡಾಡ್ತೀಯ ಎಂದರಂತೆ, ಕೈ ತೊಳೆಯುತ್ತಾ, ಇವನ ಕಡೆ ತಿರುಗಿಯೂ ನೋಡದೆ.

ಅಣ್ಣ ಪಾರ್ಸೆಲ್ ಗೋದಾಮಿನಲ್ಲಿ ಲೋಡರ್. ಲಾರಿಯಿಂದ ಪೆಟ್ಟಿಗೆ ಇಳಿಸಿ ಬೀದಿವಾರು ವಿಂಗಡಿಸುವ ಕೆಲಸ. ಅಲ್ಲಿ ರಜೆಗೆ ಕಾರಣ ಬರೆಯಬೇಕು. ನಿಜವಾದ ಕಾರಣ ಬರೆಯುವ ಮಾತೇ ನಮ್ಮ ಮನೆಯಲ್ಲಿ ಏಳಲಿಲ್ಲ. ಹರ್ನಿಯಾ ಅಂತ ಬರಿ, ನಿಮ್ಮ ಮಾವನಿಗೆ ಆಗಿತ್ತಲ್ಲ, ಯಾರೂ ಏನೂ ಕೇಳಲಿಲ್ಲ ಎಂದಳು ಅಮ್ಮ. ಬರೆದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅರ್ಜಿ ಸಪ್ಪೆಯಾಯಿತು ಅನಿಸಿ, ತೂಕ ಬರಲೆಂದು ನನ್ನದೇ ಒಂದು ಸಾಲು ಸೇರಿಸಿದೆ: ‘ಮುಂದಿನ ಆರು ತಿಂಗಳು ಭಾರ ಎತ್ತಬಾರದೆಂದು ವೈದ್ಯರು ಕಟ್ಟುನಿಟ್ಟಾಗಿ ಸೂಚಿಸಿರುತ್ತಾರೆ.’ ಎರಡು ಸಲ ಓದಿ ಖುಷಿಪಟ್ಟೆ.

ಮೊದಲ ಮೂರು ವಾರ ಅವನು ಮಲಗಿದ್ದ. ಹೊದಿಕೆ ತಾಗಿದರೆ ಜೀವ ಹೋಗುತ್ತಿತ್ತು. ಅಮ್ಮ ತರಕಾರಿ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಚಾದರ ಹೊದಿಸಿದಳು. ಆಮೇಲೆ ಮನೆಗೆ ಹೊಸ ಬುಟ್ಟಿ ಬಂತು. ಹಳೆಯದು ಏನಾಯಿತೆಂದು ಯಾರೂ ಕೇಳಲಿಲ್ಲ.

ನಾಲ್ಕನೇ ವಾರ ಕೆಲಸಕ್ಕೆ ಹೋದ. ಅಲ್ಲಿಂದ ಶುರುವಾಯಿತು. ಸಂಜೆ ಬಂದವನು ಕೂರುತ್ತಿರಲಿಲ್ಲ, ಬಾಗಿಲಿಗೆ ಒರಗಿ ನಿಂತೇ ಊಟ ಮಾಡುತ್ತಿದ್ದ. ಬಚ್ಚಲಿಗೆ ಹೋದರೆ ಅರ್ಧ ಗಂಟೆ. ಅಮ್ಮ ಮೆಲ್ಲಗೆ ಏನೋ ಕೇಳಿದರೆ ತಟ್ಟೆ ಸದ್ದಾಗುವಂತೆ ಇಟ್ಟು ಎದ್ದುಹೋಗುತ್ತಿದ್ದ. ಹತ್ತು ದಿನವಲ್ಲ, ಏಳು ವಾರ ಕಳೆದಿತ್ತು. ಅಣ್ಣನಿಗೆ ತಲೆ ಕೆಟ್ಟಿದೆ ಎಂದು ಡೈರಿಯಲ್ಲಿ ಬರೆದುಕೊಂಡೆ. ಕಾಯಿಲೆಯ ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದಿದ್ದೆ. ಯಾರೂ ಓದದ ನನ್ನ ಡೈರಿಯಲ್ಲೂ.

ಒಂದು ಮಧ್ಯಾಹ್ನ ಅವನು ಗೋದಾಮಿನ ಬೈಕಿನಲ್ಲಿ ಮನೆ ಮುಂದೆ ಬಂದು ನಿಂತ. ಹಿಂದೆ ಪಾರ್ಸೆಲ್ ಚೀಲ. ಬೈಕಿನಿಂದ ಇಳಿಯಲು ಎರಡು ಸಲ ಪ್ರಯತ್ನಪಟ್ಟ. ನೀನ್ಯಾಕೆ ಡೆಲಿವರಿಗೆ ಹೋಗ್ತಿದ್ದೀಯ ಎಂದು ಕೇಳಿದೆ.

"ಭಾರ ಎತ್ತಬಾರದಂತಲ್ಲ ನಾನು. ಆರು ತಿಂಗಳು. ಅದಕ್ಕೇ ಕೂತು ಮಾಡೋ ಕೆಲಸ ಕೊಟ್ಟಿದ್ದಾರೆ. ಯಾವ ಪುಣ್ಯಾತ್ಮರು ಬರೆದ್ರೋ, ಹೋಗಿ ಕೇಳು."

ದಿನಕ್ಕೆ ಎಂಟು ಗಂಟೆ, ಆ ದಪ್ಪ ಯೂನಿಫಾರ್ಮ್ ಪ್ಯಾಂಟಿನಲ್ಲಿ, ಗುಂಡಿ ಬಿದ್ದ ರಸ್ತೆಗಳಲ್ಲಿ. ನನಗೆ ಸಿಟ್ಟು ಬಂತು. ಕೈ ತೊಳೆದುಕೊಂಡ ಡಾಕ್ಟರ ಮೇಲೆ, ಮಾವನ ಹರ್ನಿಯಾ ಎತ್ತಿ ತಂದ ಅಮ್ಮನ ಮೇಲೆ, ನೋವನ್ನು ನುಂಗಿ ನುಂಗಿ ನಮ್ಮ ಮೇಲೆ ಉಗುಳುತ್ತಿದ್ದ ಇವನ ಮೇಲೆ. ಎಲ್ಲರಿಗಿಂತ ಹೆಚ್ಚಾಗಿ ಆ ಒಂದು ಸಾಲಿನ ಮೇಲೆ.

ಮರುದಿನ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರು ನೋಡಿ ಚೀಟಿ ಬರೆದರು. ವಿವರಿಸಿ ಹೇಳಿದ್ದು ಹೊರಗೆ ಬಂದ ಹಿರಿಯ ನರ್ಸಮ್ಮ. ಹೊಲಿಗೆ ಕರಗಿದೆ, ಗಾಯ ಕೆಟ್ಟಿಲ್ಲ. ಆದರೆ ಇಷ್ಟು ವರ್ಷ ಮುಚ್ಚಿಕೊಂಡಿದ್ದ ಚರ್ಮ ಈಗ ಬಟ್ಟೆಗೆ ಉಜ್ಜುತ್ತದೆ, ಅದು ಒಗ್ಗಲು ತಿಂಗಳುಗಟ್ಟಲೆ ಬೇಕು. ಬೈಕಿನಿಂದ ಹೊಲಿಗೆ ಇದ್ದ ಜಾಗ ಹಸಿಯಾಗಿದೆ. ಸಡಿಲ ಹತ್ತಿಬಟ್ಟೆ ಹಾಕಲಿ, ಎರಡು ತಿಂಗಳು ಬೈಕು ಮುಟ್ಟಬಾರದು. ಭಾರ ಎತ್ತಬಹುದಾ ಎಂದು ಕೇಳಿದೆ. ಎತ್ತಲಿ, ಅದಕ್ಕೇನು ಎಂದಳು.

"ಇದನ್ನೆಲ್ಲ ಆವತ್ತೇ ಯಾಕೆ ಹೇಳಲಿಲ್ಲ?"

"ಕೇಳಿದ್ರೆ ಹೇಳ್ತಿದ್ವಮ್ಮ."

ಯಾರು ಕೇಳಬೇಕಿತ್ತು? ಎರಡು ವರ್ಷ ಬಾಯಿ ಬಿಡದವನೇ?

ಮನೆಗೆ ಬಂದವನು ಚೀಟಿಯನ್ನು ಎಂಟಾಗಿ ಮಡಚಿ ಅಕ್ಕಿ ಡಬ್ಬದ ಕೆಳಗೆ ತಳ್ಳಿದ. ಅದರಲ್ಲಿ ಕಾಯಿಲೆಯ ಹೆಸರಿತ್ತು. ಗೋದಾಮಿನಲ್ಲಿ ಅವನ ನಡಿಗೆ ನೋಡಿ ಆಗಲೇ ಬಾತುಕೋಳಿ ಎಂದು ಹೆಸರಿಟ್ಟಿದ್ದರಂತೆ. ಅವನು ಗೇಟು ದಾಟಿದರೆ ಹಿಂದಿನಿಂದ ಒಬ್ಬ ಕ್ವಾಕ್ ಎನ್ನುತ್ತಿದ್ದನಂತೆ. ಇನ್ನು ಇದೂ ಗೊತ್ತಾದರೆ?

"ರಾಜೀನಾಮೆ ಬರೆದುಕೊಡು," ಎಂದ. "ಚೆನ್ನಾಗಿ ಬರೀತೀಯಲ್ಲ."

ಒಂಬತ್ತು ವರ್ಷದ ಕೆಲಸ. ಲಾರಿಯ ಸದ್ದು ಕೇಳಿಯೇ ಎಷ್ಟು ಪೆಟ್ಟಿಗೆ ಇದೆ ಎಂದು ಹೇಳಬಲ್ಲ ಅಣ್ಣ. ಬರೆಯಲ್ಲ ಎಂದೆ. ಹಾಗಾದರೆ ನಾಳೆಯಿಂದ ಹೋಗುವುದೇ ಇಲ್ಲ, ಅವರೇ ತೆಗೆದುಹಾಕುತ್ತಾರೆ ಎಂದು ಗೋಡೆಗೆ ತಿರುಗಿ ಮಲಗಿದ.

ಬೆಳಿಗ್ಗೆ ಕೂತು ಬರೆದೆ, ರಾಜೀನಾಮೆಯಲ್ಲ. ‘ನನ್ನ ಅಣ್ಣನಿಗೆ ಆದದ್ದು ಹರ್ನಿಯಾ ಅಲ್ಲ, ಮುಂದೊಗಲು ತೆಗೆಯುವ ಶಸ್ತ್ರಚಿಕಿತ್ಸೆ.’ ಗೆರೆ ಎಳೆಯಲಿಲ್ಲ. ಭಾರ ಎತ್ತಬಹುದು, ಎರಡು ತಿಂಗಳು ಬೈಕು ಬೇಡ, ಸಡಿಲ ಬಟ್ಟೆ ಬೇಕು ಎಂಬ ಮುಂದಿನ ಸಾಲಿಗೆ ಒಂದು ಅಲಂಕಾರವನ್ನೂ ಹಾಕಲಿಲ್ಲ. ಚೀಟಿಯನ್ನು ಅಕ್ಕಿ ಡಬ್ಬದ ಕೆಳಗಿಂದ ಎಳೆದು ಜೊತೆಗಿಟ್ಟು, ಲಕೋಟೆ ಅಂಟಿಸಿ ಗೋದಾಮಿಗೆ ನಡೆದೆ. ಅವನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದ.

ಸೂಪರ್‌ವೈಸರರ ಮೇಜು ಗಾಜಿನ ಕೋಣೆಯೊಳಗಿತ್ತು. ಹೊರಗೆ ನಾಲ್ಕೈದು ಜನ ಟೇಪು ಸುತ್ತುತ್ತಿದ್ದವರು ಒಳಗೆ ನೋಡುತ್ತಿದ್ದರು. ನನ್ನ ಬೆವರಿಗೆ ಲಕೋಟೆ ಒದ್ದೆಯಾಗಿತ್ತು. ಅವರು ಓದಿದರು. ಮೀಸೆಯ ತುದಿ ಮೆಲ್ಲಗೆ ಮೇಲೇರಿತು. ಓಹೋ, ಬಾತುಕೋಳಿ ಕತೆ ಇದಾ ಎಂದು ಹೊರಗಿನವರ ಕಡೆ ಕತ್ತು ಹೊರಳಿಸಿದರು.

ನಾಲಿಗೆ ಒಣಗಿತ್ತು. ಆದರೂ ಹೊರಳಿತು.

"ನಗೋದಾದ್ರೆ ನನ್ನ ನೋಡಿ ನಗಿ ಸರ್. ಸುಳ್ಳು ಬರೆದವಳು ನಾನು. ಅವನು ಆ ಗಾಯ ಇಟ್ಕೊಂಡು ನಾಲ್ಕು ವಾರ ನಿಮ್ಮ ಬೈಕ್ ಓಡಿಸಿದ್ದಾನೆ, ಒಂದು ಪಾರ್ಸೆಲ್ ವಾಪಸ್ ಬಂದಿಲ್ಲ. ಆ ಕಾಗದ ಈ ಕೋಣೆ ದಾಟಿದ್ರೆ ಮುಂದಿನ ಅರ್ಜಿ ನಿಮ್ಮ ಮೇಲಿನವರಿಗೆ. ನಾನು ಚೆನ್ನಾಗಿ ಬರೀತೀನಿ."

ಮೀಸೆ ಇಳಿಯಿತು. ಕಾಗದವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಸೋಮವಾರದಿಂದ ಲೋಡಿಂಗಿಗೆ ಬರಲಿ, ಸಡಿಲ ಪ್ಯಾಂಟು ಪರವಾಗಿಲ್ಲ ಎಂದರು.

ಮನೆಗೆ ಬಂದು ಅಣ್ಣನಿಗೆ ಹೇಳಿದೆ. ಅವನ ಮುಖ ಕೆಂಪಾಯಿತು.

"ನನ್ನ ಮೈ ವಿಷಯ ತಗೊಂಡು ಹೋಗಿ ಅವನ ಮೇಜಿನ ಮೇಲಿಟ್ಟೆಯಾ? ನಿನ್ನ ಯಾರು ಕೇಳಿದ್ರು?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಸಿಟ್ಟೂ ಇಳಿದಿರಲಿಲ್ಲ. ಮೊದಲ ಅರ್ಜಿಗೂ ನೀನು ಕೇಳಿರಲಿಲ್ಲ, ಅದನ್ನು ಮಾತ್ರ ಹೇಗೆ ಹೊತ್ತುಕೊಂಡು ಹೋದೆ ಎಂದುಬಿಟ್ಟೆ.

ಸೋಮವಾರ ಅವನು ಅಪ್ಪನ ಹಳೆಯ ಪೈಜಾಮ ಹಾಕಿಕೊಂಡು ಹೋದ. ಸಂಜೆ ಬಂದಾಗ ಅಂಗಿಯ ಎರಡೂ ಭುಜಕ್ಕೆ ಪೆಟ್ಟಿಗೆಯ ಧೂಳು ಮೆತ್ತಿತ್ತು. ಇನ್ನೂ ಕಾಲಗಲಿಸಿಯೇ ನಡೆಯುತ್ತಿದ್ದ. ಇನ್ನೂ ಬಹಳ ದಿನ ಹಾಗೇ ನಡೆಯುತ್ತಾನೆ. ಆದರೆ ತಟ್ಟೆ ತೆಗೆದುಕೊಂಡು ಬಂದು, ಗೋಡೆ ಹಿಡಿದು, ನಿಧಾನವಾಗಿ ನನ್ನ ಎದುರಿಗೇ ಕೂತ.