ಎಡಗೋಲಿನ ಕಾಳ

ನಗರದ ಹತ್ತಿರದ ನಮ್ಮ ಗದ್ದೆ ಜೌಗು. ಹೋದ ವರ್ಷ ಬಾಡಿಗೆ ಟಿಲ್ಲರ್ ಇಳಿಸಿ, ಅದು ಎಂಜಿನ್‌ವರೆಗೆ ಹೂತು, ಎಂಟು ಜನ ಹಗ್ಗ ಹಾಕಿ ಎಳೆಯಬೇಕಾಯಿತು. ಅದಕ್ಕೇ ಈ ಸಲ ನಮ್ಮನೆಯವರು ಮೇಗರವಳ್ಳಿಯ ಮೂಕಮ್ಮನಿಂದ ಒಂದು ಜೋಡಿ ಎತ್ತು ತಂದರು. ಕೆಂಪನೆಯದು ಕೆಂದ, ಕಪ್ಪನೆಯದು ಕಾಳ. ಹನ್ನೆರಡು ವರ್ಷದ ಮೇಲೆ ನಮ್ಮನೆಯ ನೊಗ ಅಟ್ಟದಿಂದ ಇಳಿಯಿತು.

ಇಳಿದದ್ದಷ್ಟೇ ಬಂತು. ನೊಗಕ್ಕೆ ಕಟ್ಟಿದರೆ ಕಾಳ ನಾಲ್ಕು ಹೆಜ್ಜೆ ಹಾಕಿ ಕೆಸರಲ್ಲೇ ಮಲಗುತ್ತಿತ್ತು. ಮೂರು ದಿನ ಇದೇ ಕಥೆ. ಮಡಿಯಲ್ಲಿ ಸಸಿಗೆ ತಿಂಗಳಾಗುತ್ತ ಬಂದಿತ್ತು. ಇನ್ನು ನಾಲ್ಕು ದಿನದಲ್ಲಿ ಉತ್ತು ಹದ ಮಾಡಿ ನೆಡದಿದ್ದರೆ ಸಸಿ ಬಲಿತುಹೋಗಿ ಗದ್ದೆ ಹಾಳು ಬೀಳುತ್ತದೆ. ನನಗೆ ಊಟ ಸೇರುತ್ತಿರಲಿಲ್ಲ. ಇವರಿಗೆ ಸಿಟ್ಟು ಮಾತ್ರ ಚೆನ್ನಾಗಿ ಸೇರುತ್ತಿತ್ತು.

"ಮೈಗಳ್ಳ ಇದು. ಮೂಕಮ್ಮ ಟೋಪಿ ಹಾಕಿದ್ಲು" ಎಂದು ಬಾರುಕೋಲಿನಿಂದ ಎರಡು ಬಿಗಿದರು.

"ಹೊಡೀಬೇಡಿ. ಮೊದ್ಲು ನೊಗ ಬಿಚ್ಚಿ" ಎಂದೆ.

"ಹೂಟಿ ವಿಷ್ಯ ನಿಂಗೇನು ಗೊತ್ತು? ಸುಮ್ನಿರು."

ಗೊಣಗುತ್ತಲೇ ಬಿಚ್ಚಿದರು. ಕಾಳ ಎದ್ದು ಮೈ ಕೊಡವಿ, ಕೆಂದನನ್ನು ಸುತ್ತಿಬಂದು ಅದರ ಎಡಗಡೆ ನಿಂತುಕೊಂಡಿತು. ನಿನ್ನೆ, ಮೊನ್ನೆಯೂ ಹೀಗೇ ಮಾಡಿತ್ತು. ನೋಡಿದ್ದೆ, ತಲೆಗೆ ಹೋಗಿರಲಿಲ್ಲ. ಅಂಚಿನ ಮೇಲೇ ನಿಂತು ಮೂಕಮ್ಮನಿಗೆ ಫೋನ್ ಹಚ್ಚಿದೆ.

"ಕಾಳ ಎಡಗೋಲು ಕಣೇ ಯಶೋಧಾ" ಎಂದಳು ಮೂಕಮ್ಮ. "ಕಲಿತಾಗಿಂದ ನೊಗದ ಎಡಕ್ಕೇ ಕಟ್ಟಿದ್ದು. ಬದಿ ತಪ್ಪಿದ್ರೆ ಅದು ಏಳಲ್ಲ. ಇದು ಈ ಕಡೆ, ಅದು ಆ ಕಡೆ ಅಂತ ನಿಮ್ಮನೆಯವ್ರಿಗೆ ಕೈ ತೋರ್ಸಿ ಹೇಳಿದ್ನಲ್ಲ."

ಇವರನ್ನು ಕೇಳಿದೆ. "ಮೂಕಮ್ಮ ಕೈ ತೋರ್ಸುವಾಗ ನೀವು ಎಲ್ಲಿ ನಿಂತಿದ್ರಿ?"

"ಎತ್ತಿನ ಎದುರಿಗೆ. ಹಲ್ಲು ನೋಡ್ತಿದ್ದೆ."

ಹೇಳಿದವರೇ ನೇಗಿಲ ಹಿಂದೆ ಹೋಗಿ ನಿಂತು ನೋಡಿದರು. ಎದುರಿಂದ ಕಂಡ ಬಲಗಡೆ, ನೇಗಿಲ ಹಿಂದೆ ನಿಂತರೆ ಎಡಗಡೆ.

ಬದಿ ಬದಲಿಸಿ ಕಟ್ಟಿದರು. ಕಾಳ ಯಾರ ಮಾತಿಗೂ ಕಾಯದೆ ಹೊರಟಿತು. ಮೂರನೇ ದಿನ ಹಲಗೆ ಎಳೆದು ಗದ್ದೆ ಸಮ ಮಾಡಿದ್ದೂ ಆಯಿತು, ನಾಲ್ಕನೇ ದಿನ ನಟ್ಟಿ. ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು ನನಗೆ.

ಅವತ್ತು ಸಂಜೆ ಕೊಟ್ಟಿಗೆಯಲ್ಲಿ ಇವರು ಕಾಳನ ಬೆನ್ನಿಗೆ ಎಣ್ಣೆ ಸವರುತ್ತ, "ತಪ್ಪಾಯ್ತು ಮಾರಾಯ" ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಈ ಮಾತು ಇವರ ಬಾಯಲ್ಲಿ ನಾನು ಕೇಳಿದ್ದು ಇದೇ ಮೊದಲು.

ನಾನೂ ಕಾಳನ ಪಕ್ಕದಲ್ಲೇ ನಿಂತಿದ್ದೆ. "ಸುಮ್ನಿರು" ಅಂದದ್ದಕ್ಕೆ ನನಗೆ ಬರಬೇಕಾದ ಪಾಲನ್ನೂ ಆ ಮಾತಲ್ಲೇ ತೆಗೆದುಕೊಂಡೆ.